ಬೇಲಿ ಗೂಟಕ್ಕೆ ನೇತುಹಾಕಿದ ಮುಂಗೈ ಪಟ್ಟಿ

ಮಾನ್ಯ ಬಂದೂಕು ನಿಯಂತ್ರಣಾಧಿಕಾರಿಗಳೇ,

ಬರುವ ಸೋಮವಾರ ಜಿಂಕೆ ಬೇಟೆ ಶುರು. ಅಂದು ನನ್ನ ಅಕ್ಕ ಓಪಲ್ ಕಾಡಿಗೆ ಹೋಗಬೇಕೋ ಜೈಲಿಗೆ ಹೋಗಬೇಕೋ, ದಯಮಾಡಿ ತಿಳಿಸಿ. ನಮ್ಮ ವೆಸ್ಟ್ ವರ್ಜೀನಿಯದ ಬೆಟ್ಟಗಳಲ್ಲಿ ಆ ವಾರ ಶಾಲೆಗೇ ರಜೆ. ಕಾನೂನಿಗೂ ರಜೆಯಿದೆಯೇ ಎಂದು ಯಾರನ್ನು ಕೇಳುವುದು?

ಅಕ್ಕನ ಎಡಗೈಯನ್ನು ಮರ ಕೊಯ್ಯುವ ಮಿಲ್ಲು ತಿಂದಿತು. ಅಂದಿನಿಂದ ಅವಳು ರೈಫಲ್ ಹಿಡಿಯಲಾರಳು. ದೊಡ್ಡ ಪಿಸ್ತೂಲಿನ ಹಿಂಬದಿಗೆ, ಮೊಳಕೈವರೆಗೆ ಚಾಚುವ ಒಂದು ಗಟ್ಟಿ ರಬ್ಬರ್ ಪಟ್ಟಿ ಜೋಡಿಸಿ, ಅದನ್ನು ಬಲ ಮುಂಗೈಗೆ ಬಿಗಿದುಕೊಂಡು ಗುಂಡು ಹಾರಿಸುತ್ತಾಳೆ. ಅವಳು ಹೊಡೆದ ಜಿಂಕೆಯೇ ಚಳಿಗಾಲವಿಡೀ ನಮ್ಮಿಬ್ಬರ ಊಟ. ಹೀಗಿರುವಾಗ ತಾವು ನಿಯಮ ತಂದಿರಿ: ಇಂಥ ಪಟ್ಟಿಯ ಪಿಸ್ತೂಲನ್ನು ಹೆಗಲಿಗೆ ಊರಿ ಹೊಡೆಯುವಂತಿದ್ದರೆ ಅದು ಪಿಸ್ತೂಲಲ್ಲ, ಗಿಡ್ಡ ರೈಫಲ್ಲು, ನೋಂದಾಯಿಸದಿದ್ದರೆ ಅಪರಾಧ. ಎಂಥ ಸಾಮರ್ಥ್ಯ ತಮ್ಮದು! ಕಪಾಟಿನೊಳಗೆ ಇದ್ದಲ್ಲೇ ಇದ್ದ ವಸ್ತುವಿನ ಜಾತಿ ಬದಲಾಯಿತು, ನಾವು ಬೀಗವನ್ನೂ ತೆಗೆದಿರಲಿಲ್ಲ.

ಎಂಟನೆಯ ತರಗತಿಗೇ ಶಾಲೆ ಬಿಟ್ಟ ನಾನು ಹೆದರಿ ಪಟ್ಟಿಯನ್ನು ಬಿಚ್ಚಿದೆ. ಆದರೆ ಪಿಸ್ತೂಲು, ಪಟ್ಟಿ ಎರಡೂ ಒಂದೇ ಸೂರಿನಡಿ ಇದ್ದರೆ, ಜೋಡಿಸುವ ದುರುದ್ದೇಶ ನನಗಿದೆಯೆಂದು ತಾವು ತಿಳಿಯುವುದಿಲ್ಲವೇ? ಪಟ್ಟಿಯನ್ನು ಪಕ್ಕದ ಜಮೀನಿನ ಡ್ಯೂಯಿಗೆ ಒಯ್ದುಕೊಟ್ಟೆ.

"ಲೋ ಥರ್ಮನ್, ನಮ್ಮನೇಲೂ ಪಿಸ್ತೂಲಿದೆ ಕಣೋ. ಇದ್ರ ಸಹವಾಸದಲ್ಲಿ ಅದೂ ಕೆಟ್ಟೋದ್ರೆ?" ಎಂದ.

ನ್ಯಾಯವಾದ ಮಾತು. ಕೊನೆಗೆ ಇಬ್ಬರೂ ಸೇರಿ, ಅದು ಯಾರ ಮನೆಗೂ ಸೇರದಂತೆ ನಮ್ಮ ಜಮೀನುಗಳ ನಡುವಿನ ಬೇಲಿ ಗೂಟಕ್ಕೆ ನೇತುಹಾಕಿದೆವು. ಅಕ್ಕ ಕಿಟಕಿಯಿಂದಲೇ ಉಗಿದಳು: "ಒಂದ್ ಕೈ ಮಿಲ್ಲು ತಿಂತು, ಇನ್ನೊಂದನ್ನ ನೀನು ಬೇಲಿಗೆ ನೇತಾಕ್ದೆಯಲ್ಲೋ ಪುಕ್ಕಲ!"

ಆಮೇಲೆ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತಂತೆ. ಈಗ ತಾವು ಮತ್ತೇನೋ ತಿದ್ದುತ್ತಿದ್ದೀರಂತೆ. ಈ "ಅಂತೆ"ಗಳನ್ನು ನಂಬಿ ಅಕ್ಕನನ್ನು ಕಾಡಿಗೆ ಕಳಿಸಲೇ? ತಮ್ಮ ಕಚೇರಿಗೆ ಫೋನ್ ಮಾಡಿದೆ.

"ಹೇಗೆ ಹಿಡೀತಾರೆ ಅನ್ನೋದ್ರ ಮೇಲೆ ಹೋಗುತ್ತೆ ಸಾರ್," ಎಂದರು ಅಲ್ಲಿನವರು.

"ಒಂದೇ ಕೈಲಿ."

"ಇನ್ನೊಂದು ಕೈ ಎಲ್ಲಿರುತ್ತೆ?"

"ಅದು ಇಲ್ವೇ ಇಲ್ಲ ಸ್ವಾಮಿ."

"ಹಾಗಾದ್ರೆ ಬರವಣಿಗೆಯಲ್ಲಿ ಕೇಳಿ."

ಅದಕ್ಕೇ ಬರೆಯುತ್ತಿದ್ದೇನೆ. ಇದರ ನಡುವೆ ಪಟ್ಟಿಯ ಒಂದು ಅಂಚನ್ನು ಅಳಿಲು ಕಡಿದುಹಾಕಿದೆ. ಅಳಿಲು ಮಾಡಿದ ಮಾರ್ಪಾಡಿಗೆ ಹೊಣೆ ಯಾರು? ನಾನೋ, ಡ್ಯೂಯಿಯೋ? ಗುಂಡು ಹಾರಿದ ರಭಸಕ್ಕೆ ಪಿಸ್ತೂಲು ಹಿಂದಕ್ಕೆ ಒದ್ದು ಅಕ್ಕನ ಹೆಗಲಿಗೆ ತಾಗಿದರೆ, ಆ ಒಂದು ಕ್ಷಣಕ್ಕೆ ಅವಳು ಅಪರಾಧಿಯೇ? ಜಿಂಕೆ ಬಿದ್ದ ಮೇಲೆ ಮತ್ತೆ ನಿರಪರಾಧಿಯೇ? ನಾನೋ ಈಗ ಹೆಗಲು ತುರಿಸಿಕೊಳ್ಳಲೂ ಅಂಜುತ್ತೇನೆ.

ನನಗೆ ಬೇಕಿರುವುದು ಒಂದೇ ಸಾಲು: ಓಪಲ್ ಪಟ್ಟಿ ಕಟ್ಟಿಕೊಳ್ಳಬಹುದು, ಅಥವಾ ಕೂಡದು. ಸೋಮವಾರದೊಳಗೆ ಅಷ್ಟನ್ನೂ ಬರೆಯಲಾಗದಿದ್ದರೆ, ಬೆಳಕು ಹರಿಯುವ ಮುಂಚೆ ತಮ್ಮ ಅಧಿಕಾರಿಯೊಬ್ಬರನ್ನು ಇಲ್ಲಿಗೆ ಕಳಿಸಿಕೊಡಿ. ಅವರು ಕಾನೂನು ಬಲ್ಲವರೇ ಆಗಬೇಕೆಂದಿಲ್ಲ. ಎಡಗೈಯೊಂದು ಗಟ್ಟಿಯಿದ್ದರೆ ಸಾಕು. ಪಿಸ್ತೂಲಿಗೆ ಆಸರೆಯಾಗಿ ಹಿಡಿದು ನಿಲ್ಲಲಿ. ಜಿಂಕೆಯ ತೊಡೆಮಾಂಸದಲ್ಲಿ ಅವರಿಗೂ ಪಾಲು ಕೊಡುತ್ತೇವೆ.

ಇಂತಿ,
ಪಿಸ್ತೂಲು ಮನೆಯಲ್ಲಿ, ಪಟ್ಟಿ ಬೇಲಿಯಲ್ಲಿ, ಪ್ರಾಣ ತಮ್ಮ ಕಚೇರಿಯಲ್ಲಿ ಇಟ್ಟುಕೊಂಡಿರುವ
ಥರ್ಮನ್