ಗೇಟ್ ಕಾರ್ಡಿನ ಪಿಕ್

ಗುರುವಾರ, ಬೆಳಿಗ್ಗೆ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಅಮ್ಮನಿಗೆ,

ಈ ಕಾಗದ ನಿನಗೆ ಊಟದ ಡಬ್ಬಿಯ ಕೆಳಗೆ ಸಿಗುತ್ತದೆ. ನೀನು ಚೀಲ ಬಿಚ್ಚುವುದು ಸರಿಯಾಗಿ ಒಂದು ಗಂಟೆಗೆ. ಮೊದಲು ಊಟ ಮುಗಿಸು, ಓದಿದ ಮೇಲೆ ತುತ್ತು ಒಳಗೆ ಇಳಿಯುವುದಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದೇನು ಎಂದು ಸಿಟ್ಟಾಗಬೇಡ. ಎದುರಿಗೆ ನಿಂತರೆ ನಾನು ದನಿ ಏರಿಸುತ್ತೇನೆ, ನೀನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯಲು ಶುರು ಮಾಡುತ್ತೀಯ. ನಮ್ಮಿಬ್ಬರ ಜಗಳ ಯಾವಾಗಲೂ ನಲ್ಲಿಯ ಸದ್ದಿನಲ್ಲೇ ಮುಗಿಯುತ್ತದೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಿನ್ನ ಫ್ಯಾಕ್ಟರಿಯ ಗೇಟ್ ಕಾರ್ಡ್ ಎಲ್ಲೂ ಕಳೆದುಹೋಗಿಲ್ಲ. ಅದನ್ನು ಕತ್ತರಿಸಿ ಗಿಟಾರ್ ಮೀಟುವ ಪಿಕ್ ಮಾಡಿದವಳು ನಾನು.

ಬೆರಳ ತುದಿಯಷ್ಟು ಪ್ಲಾಸ್ಟಿಕ್‌ಗೆ ಇಷ್ಟೊಂದು ಪುರಾಣ ಯಾಕೆ ಎಂದು ನೀನು ಎಷ್ಟೋ ಸಲ ಕೇಳಿದ್ದೀಯ. ಇವತ್ತು ಹೇಳುತ್ತೇನೆ, ಕೇಳು. ತಂತಿಗೆ ನಮ್ಮ ಕೈ ತಾಗುವುದಿಲ್ಲ, ತಾಗುವುದು ಪಿಕ್. ತೆಳ್ಳಗಿನ ಪಿಕ್ ತಂತಿಗೆ ಬಡಿದ ಕೂಡಲೇ ಬಾಗುತ್ತದೆ. ಒಟ್ಟಿಗೆ ಎಲ್ಲಾ ತಂತಿ ಎಳೆಯುವುದಕ್ಕೆ ಅದು ಸಲೀಸು, ಆದರೆ ಸ್ವರಕ್ಕಿಂತ ಮುಂಚೆ ಅದರದೇ ಚಟಚಟ ಕೇಳುತ್ತದೆ. ದಪ್ಪದ ಪಿಕ್ ಬಾಗುವುದಿಲ್ಲ, ತಂತಿಯೇ ಬಾಗಬೇಕು. ಸ್ವರ ಗುಂಡಗೆ, ತುಂಬಿಕೊಂಡು ಬರುತ್ತದೆ, ಆದರೆ ಕೈಯಲ್ಲಿ ಸ್ವಲ್ಪ ಸಿಟ್ಟಿದ್ದರೂ ಅದು ಗುದ್ದಿನ ಹಾಗೆ ಕೇಳಿಸುತ್ತದೆ. ನನ್ನ ಕೈಯಲ್ಲಿ ಸಿಟ್ಟು ಇದ್ದೇ ಇರುತ್ತದೆ. ತೆಳ್ಳಗಿನದರಲ್ಲಿ ನುಡಿಸಿದಾಗ ನೀನು ಬಾಣಲೆಗೆ ಏನೋ ಬಿದ್ದ ಹಾಗಿದೆ ಎಂದೆ. ದಪ್ಪದ್ದರಲ್ಲಿ ನುಡಿಸಿದಾಗ ಯಾರೋ ಬಾಗಿಲು ಬಡಿಯುತ್ತಿದ್ದಾರೆ ನೋಡು ಎಂದೆ. ಎರಡೂ ಸಲ ನೀನು ಹೇಳಿದ್ದು ಸರಿಯಾಗಿತ್ತು. ಒಂದು ಸಲ ನೀನು ಬಾಗಿಲು ತೆಗೆದು ಬೇರೆ ನೋಡಿದೆ.

ನಾನು ಕೆಲಸಕ್ಕೆ ಹೋಗುವ ಗಿಟಾರ್ ಅಂಗಡಿಯ ಶ್ರುತಿ ಸಾರ್ ನನಗೆ ನಡುವಿನ ದಪ್ಪ ಬೇಕು ಎಂದರು. ಅವರು ಗಿರಾಕಿ ಎದುರಿಗೆ ನಿಂತಿದ್ದರೂ ಗಿಟಾರ್‌ನ ಶ್ರುತಿ ಸರಿಮಾಡುತ್ತಲೇ ಇರುತ್ತಾರೆ, ಅದಕ್ಕೇ ನಾನಿಟ್ಟ ಹೆಸರು ಅದು. ಅವರ ಹತ್ತಿರ ಕಾಗದಕ್ಕೆ ತೂತು ಹಾಕುವ ಮಶಿನ್‌ನಂಥದ್ದೊಂದು ಇದೆ. ಪ್ಲಾಸ್ಟಿಕ್ ಕಾರ್ಡ್ ಇಟ್ಟು ಒತ್ತಿದರೆ ಪಿಕ್ ಉದುರುತ್ತದೆ. ಹಳೆಯ ಕಾರ್ಡಿದ್ದರೆ ಮಾಡಿಕೋ ಎಂದು ಅದನ್ನು ನನಗೆ ಕೊಟ್ಟು ಕಳಿಸಿದರು. ಮೊದಲು ನನ್ನ ಶಾಲೆಯ ಗುರುತಿನ ಚೀಟಿಯನ್ನು ಒತ್ತಿದೆ. ಎರಡು ದಿನಕ್ಕೆ ಅದರ ಪದರ ಬಿಟ್ಟುಕೊಂಡಿತು. ಶಾಲೆಯಲ್ಲಿ ನಾನು ಎಷ್ಟು ಬಾಳಿಕೆ ಬಂದೆನೋ ಅದೂ ಅಷ್ಟೇ ಬಂತು.

ಆಮೇಲಿನದು ಹೋದ ಭಾನುವಾರದ ಮಾತು. ನೀನು ಎಂದಿನಂತೆ ಕಾರ್ಡ್ ನೇತುಹಾಕುವ ಕೊರಳಪಟ್ಟಿ ಒಗೆದು ಹಾಕಿದ್ದೆ. ಕಾರ್ಡ್ ಕಿಟಕಿಯ ಹತ್ತಿರ, ನಿನ್ನ ಹಳೆಯ ಕಾರ್ಡ್‌ಗಳ ಡಬ್ಬದ ಪಕ್ಕದಲ್ಲಿತ್ತು. ನಾನು ಅದನ್ನೂ ಹಳೆಯದೆಂದುಕೊಂಡು ಮಶಿನ್‌ಗೆ ಇಟ್ಟೆ. ಮೂರು ಪಿಕ್ ಬಂದವು. ನಿನ್ನ ಫೋಟೋ ಇರುವ ಕಡೆ ಒತ್ತಲು ಕೈ ಬರಲಿಲ್ಲ, ಆ ಚೌಕ ಬಿಟ್ಟೆ. ಕತ್ತರಿಸಿದ ಅಂಚಿನಲ್ಲಿ ಕೂದಲಿಗಿಂತ ಸಣ್ಣ ತಾಮ್ರದ ಎಳೆಗಳು ಕಂಡವು. ಗೇಟು ತೆರೆಸುವುದು ಆ ಎಳೆಯೇ ಅಂತೆ, ಅದು ತುಂಡಾದರೆ ಕಾರ್ಡ್ ಸತ್ತ ಹಾಗೆ ಎಂದು ಶ್ರುತಿ ಸಾರ್ ಆಮೇಲೆ ಹೇಳಿದರು.

ಎಳೆ ತಂತಿಗೆ ಕೆರೆಯಬಾರದೆಂದು ಅಂಚನ್ನು ಉಗುರು ತಿದ್ದುವ ಅರದಲ್ಲಿ ಉಜ್ಜಿದೆ, ಆಮೇಲೆ ಪ್ಯಾಂಟಿಗೆ ತಿಕ್ಕಿ ನಯ ಮಾಡಿದೆ. ಚೂಪು ತುದಿಯ ಬದಲು ದುಂಡು ಮೂಲೆಯಿಂದ ನುಡಿಸಿದೆ. ಅಮ್ಮ, ಅಂಥ ಸ್ವರ ನನ್ನ ಕೈಯಿಂದ ಯಾವತ್ತೂ ಬಂದಿರಲಿಲ್ಲ. ಚಟಚಟವೂ ಇಲ್ಲ, ಗುದ್ದೂ ಇಲ್ಲ. ಪಕ್ಕದಲ್ಲಿ ಕೂತು ಯಾರೋ ಸಮಾಧಾನವಾಗಿ ಮಾತಾಡಿದ ಹಾಗಿತ್ತು. ನೀನು ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತೆ.

"ಇವತ್ತು ಚೆನ್ನಾಗಿ ಕೇಳಿಸ್ತಿದೆ ಕಣೇ. ಏನು ಬದಲಾಯಿಸ್ದೆ?" ಎಂದು ಕೇಳಿದೆ.

ಪಿಕ್ ಎಂದೆ ನಾನು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಸೋಮವಾರ ಬೆಳಿಗ್ಗೆ ನೀನು ಬೈಯುತ್ತೀಯೆಂದು ನಾನು ಹಾಸಿಗೆಯಲ್ಲೇ ಉಸಿರು ಬಿಗಿಹಿಡಿದು ಮಲಗಿದ್ದೆ. ನೀನು ಕಿಟಕಿಯ ಹತ್ತಿರ ಹುಡುಕಿದೆ, ಡಬ್ಬ ತೆರೆದು ನೋಡಿದೆ. ಆಮೇಲೆ ಬರೀ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಅದರ ತುದಿಯನ್ನು ಸ್ವೆಟರ್ ಒಳಗೆ ತುರುಕಿದೆ. ನನ್ನನ್ನು ಎಬ್ಬಿಸಿ ಕೇಳಲಿಲ್ಲ.

ಮಂಗಳವಾರ ಸಂಜೆ ನನಗೆ ತಡೆಯಲಾಗಲಿಲ್ಲ. ಗೇಟಿನಲ್ಲಿ ಏನಾದರೂ ತೊಂದರೆಯಾಯಿತೇ ಎಂದು ಕೇಳಿದೆ. ನೀನು ನನ್ನ ಕಡೆ ತಿರುಗದೆ ಹೇಳಿದೆ.

"ಕಾರ್ಡ್ ಹಳೇದಾಯ್ತಲ್ಲ, ಮೂರು ಸಲ ಕೀಂ ಅಂತು. ಆಮೇಲೆ ತೆಗೀತು."

ಆಗ ಆ ಕಾರ್ಡಿನ ಮೂರು ಪಿಕ್ಕೂ ನನ್ನ ಪ್ಯಾಂಟಿನ ಜೇಬಿನಲ್ಲಿದ್ದವು.

ನೀನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಸೂಪರ್‌ವೈಸರ್ ಮತ್ತೆ ಕನ್ನಡಕ ಹುಡುಕಿದ ಕಥೆ ಹೇಳಿದೆ, ಅದು ಅವರ ತಲೆಯ ಮೇಲೇ ಇತ್ತಂತೆ. ನಾನು ನಕ್ಕೆ. ನಕ್ಕ ಮೇಲೆ ನೆನಪಾಯಿತು, ಇದೇ ಕಥೆಗೆ ಹೋದ ವರ್ಷವೂ ನಕ್ಕಿದ್ದೆ.

ನಿನ್ನೆ ನಾನು ಬಸ್ಸಿನಲ್ಲಿ ನಿನಗೆ ಕಾಣದ ಹಾಗೆ ನಿನ್ನ ಹಿಂದೆ ಬಂದೆ. ಫ್ಯಾಕ್ಟರಿಯ ತಿರುವಿನಲ್ಲಿ ನೀನು ಇಳಿಯಲಿಲ್ಲ, ಕೊನೆಯ ನಿಲ್ದಾಣದವರೆಗೂ ಹೋದೆ. ಬಸ್ ನಿಲ್ದಾಣದ ಮೂರನೇ ಬೆಂಚು, ಗೋಡೆ ಪಕ್ಕದ ತುದಿ. ಮಡಿಲಲ್ಲಿ ಚೀಲ. ಒಂದು ಗಂಟೆಯಾದಾಗ ಎದ್ದು ನಲ್ಲಿಯಲ್ಲಿ ಕೈ ತೊಳೆದು ಬಂದೆ. ಊಟದ ಬಿಡುವಿನ ಗಂಟೆ ಹೊಡೆದ ಹಾಗೆ ಡಬ್ಬಿ ತೆರೆದೆ. ಅರ್ಧ ಗಂಟೆಗೆ ಮುಚ್ಚಿದೆ. ಆಮೇಲೆ ನಿನ್ನ ಹೆಬ್ಬೆರಳು ಹಿಂದಕ್ಕೆ ಬಾಗಿ ಡಬ್ಬಿಯ ಮುಚ್ಚಳವನ್ನು ಒತ್ತುತ್ತಿತ್ತು. ಎರಡು ಸಲ ಒತ್ತಿ ಬಿಡುವುದು, ಮತ್ತೆ ಎರಡು ಸಲ. ಹತ್ತೊಂಬತ್ತು ವರ್ಷ ಒಂದೊಂದು ಸ್ವಿಚ್ಚನ್ನೂ ಎರಡೆರಡು ಸಲ ಒತ್ತಿ ಪರೀಕ್ಷೆ ಮಾಡಿ ಪೆಟ್ಟಿಗೆಗೆ ಹಾಕಿದ ಬೆರಳು ಅದು. ನಿನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಪಿಕ್ ಹಿಡಿಯುವಾಗ ನನ್ನ ಹೆಬ್ಬೆರಳೂ ಹಾಗೇ ಹಿಂದಕ್ಕೆ ಬಾಗುತ್ತದೆ. ಎಲ್ಲಿಂದ ಬಂತು ಈ ಬೆರಳು ಎಂದು ಶ್ರುತಿ ಸಾರ್ ಕೇಳಿದ್ದರು.

ಕೆಲಸ ಯಾಕೆ ಹೋಯಿತು, ಯಾವತ್ತು ಹೋಯಿತು, ನನಗೆ ಗೊತ್ತಿಲ್ಲ. ಅದಕ್ಕೆ ನನಗೆ ಸಿಟ್ಟಿಲ್ಲ. ಆದರೆ ಎರಡು ವರ್ಷದ ಹಿಂದಿನದು ನಿನಗೆ ನೆನಪಿದೆಯೇ? ಶಾಲೆ ಬಿಟ್ಟು ಎರಡು ತಿಂಗಳು ನಾನು ದಿನಾ ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗ್ ಹೊತ್ತು ಗಿಟಾರ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಸಂಜೆ ಬಂದು ಇಲ್ಲದ ಪಾಠದ, ಇಲ್ಲದ ಪರೀಕ್ಷೆಯ ಸುದ್ದಿ ಹೇಳುತ್ತಿದ್ದೆ. ಗೊತ್ತಾದ ದಿನ ನೀನು ಹೊಡೆಯಲಿಲ್ಲ.

"ಶಾಲೆ ಬಿಟ್ಟಿದ್ದಕ್ಕೆ ನಾನೇನೂ ಅನ್ನಲ್ಲ. ದಿನಾ ಬ್ಯಾಗ್ ಹಾಕ್ಕೊಂಡು ಹೋಗಿ ಬರ್ತೀನಮ್ಮ ಅಂತಿದ್ಯಲ್ಲ, ಅದು ತಡ್ಕೊಳ್ಳೋಕಾಗ್ತಿಲ್ಲ," ಎಂದೆ.

ಅವತ್ತಿನಿಂದ ನಾನು ಸುಳ್ಳು ಬಿಟ್ಟೆ. ದುಬಾರಿ ಪಿಕ್ ಎತ್ತಿಕೊಂಡ ಗಿರಾಕಿಗೆ ಇದು ನಿಮ್ಮ ಕೈಗೆ ಸರಿಹೋಗಲ್ಲ ಎನ್ನುತ್ತೇನೆ. ನಿನ್ನ ಬಾಯಿಗೊಂದು ಬೀಗ ಸಿಗುತ್ತಾ ನೋಡು ಎಂದು ಶ್ರುತಿ ಸಾರ್ ಗೊಣಗುತ್ತಾರೆ. ಅದನ್ನೆಲ್ಲಾ ಕಲಿಸಿದ ನೀನು ಈಗ ನನ್ನ ಮೆಟ್ಟಿಲಿನ ಮೇಲೇ ಕೂತ ಹಾಗೆ ಕೂತಿದ್ದೀಯ. ನಿನ್ನೆ ಕಂಬದ ಹಿಂದೆ ನಿಂತು ನಿನ್ನನ್ನು ಕರೆಯಬೇಕೆಂದುಕೊಂಡೆ. ಆಗಲಿಲ್ಲ. ಕರೆದರೆ ನೀನು ಇವತ್ತು ರಜೆ ಕಣೇ ಎನ್ನುತ್ತೀಯ, ನಾನು ಅದನ್ನೂ ಕೇಳಬೇಕಾಗುತ್ತದೆ.

ಇವತ್ತು ನಾನು ಅಂಗಡಿಗೆ ಬರುವುದಿಲ್ಲವೆಂದು ಹೇಳಿದ್ದೇನೆ. ಮನೆಯಲ್ಲೇ ಇರುತ್ತೇನೆ. ಸಂಜೆ ಆರೂಕಾಲಿನವರೆಗೆ ಅಲ್ಲಿ ಕೂರಬೇಡ. ಮುಂದಿನ ಬಸ್ಸಿಗೆ ಬಾ. ಬಂದು ಏನೂ ಹೇಳದಿದ್ದರೂ ಆಗುತ್ತದೆ, ಪಾತ್ರೆ ತೊಳೆಯುತ್ತಾ ನಿಂತರೂ ಆಗುತ್ತದೆ. ಫ್ಯಾಕ್ಟರಿಯ ಸುದ್ದಿ ಮಾತ್ರ ತರಬೇಡ.

ನಿನ್ನ ಫೋಟೋದ ಚೌಕವನ್ನು ಈ ಕಾಗದದ ಮಡಿಕೆಯಲ್ಲಿಟ್ಟಿದ್ದೇನೆ. ಅದರಲ್ಲಿ ನಿನಗೆ ಒಂದೂ ಬಿಳಿಕೂದಲಿಲ್ಲ.

ಇಂತಿ,
ಬ್ಯಾಗ್ ಹೊತ್ತು ಎಲ್ಲೂ ಹೋಗದಿದ್ದ
ನಿನ್ನ ಮಗಳು

ಮತ್ತೊಂದು ಮಾತು: ಮೇಲೆ ಸುಳ್ಳು ಬರೆದಿದ್ದೇನೆ, ಹಾಗೇ ಕಳಿಸಲು ಆಗುತ್ತಿಲ್ಲ. ಆ ಕಾರ್ಡ್ ಹಳೆಯದಲ್ಲವೆಂದು ನನಗೆ ಗೊತ್ತಿತ್ತು. ನಿನ್ನನ್ನು ಆ ಬೆಂಚಿನಲ್ಲಿ ಮೊದಲು ನೋಡಿದ್ದು ನಿನ್ನೆಯಲ್ಲ, ಹೋದ ತಿಂಗಳು, ಅಂಗಡಿಗೆ ಬಂದ ತಂತಿಗಳ ಪಾರ್ಸಲ್ ಬಿಡಿಸಿಕೊಳ್ಳಲು ನಿಲ್ದಾಣಕ್ಕೆ ಹೋದಾಗ. ಅವತ್ತಿನಿಂದ ನೀನಾಗಿ ಹೇಳುತ್ತೀಯೆಂದು ಕಾದೆ. ಕಾರ್ಡ್ ಇಲ್ಲದಿದ್ದರೆ ನೀನು ಮನೆಯಿಂದ ಹೊರಡಲಾರೆ, ನನ್ನ ಕಾರ್ಡ್ ಎಲ್ಲಿ ಎಂದು ಕೇಳಲೇಬೇಕಾಗುತ್ತದೆ, ಆಗ ಎಲ್ಲಾ ಹೊರಗೆ ಬರುತ್ತದೆ ಎಂದುಕೊಂಡು ಬೇಕೆಂದೇ ಕತ್ತರಿಸಿದೆ. ನೀನು ಕೇಳಲಿಲ್ಲ. ಖಾಲಿ ಪಟ್ಟಿ ಹಾಕಿಕೊಂಡು, ಹೋಗಿ ಬರ್ತೀನಿ ಕಣೇ ಎಂದು ಹೊರಟೆ.