ಒಣ ಕಲ್ಲಿನ ಅಂಕಿ

ಮಾರ್ಚ್ ೧೪, ಗುರುವಾರ

ವಾರದಿಂದ ತಲೆ ಕೊರೆಯುತ್ತಿದ್ದದ್ದು ಇವತ್ತು ಬಗೆಹರಿಯಿತು.

ಭೂಮಿಯ ಆಳದಲ್ಲಿ ಸಿಗುವ ಹಸಿರು ಕಲ್ಲು, ಸಾಸಿವೆ ಕಾಳಿನಷ್ಟು ಚೂರು. ಯಂತ್ರದಲ್ಲಿ ಒತ್ತಿ ಕೆಂಪಗೆ ಕಾಯಿಸಿದರೆ ಅದರಲ್ಲೂ ಕರೆಂಟು ಹರಿಯುತ್ತದೆ. ಆದರೆ ಕಳೆದ ವಾರ ಹತ್ತು ಪಟ್ಟು ಹೆಚ್ಚು ಹರಿಯಿತು. ಕಲ್ಲಿಗೆ ನೀರು ಸೇರಿದ್ದರೆ ಹಾಗಾಗುತ್ತದೆ. "ಭೂಮಿಯ ಒಡಲಲ್ಲಿ ನೀರು!" ಎಂದು ನಮ್ಮ ಪ್ರಯೋಗಾಲಯದ ಮೇಷ್ಟ್ರು ಲೇಖನವನ್ನೇ ಬರೆದು ಮುಗಿಸಿದ್ದರು.

ಯಂತ್ರದೊಳಗೆ ಕೂರಿಸಲು ಕಲ್ಲಿನ ಸುತ್ತ ಮೆತ್ತಿದ ಸಿಮೆಂಟನ್ನು ಕಾಯಿಸಿ ಒಣಗಿಸಿರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಅವಸರ ಮಾಡಿದವಳು ನಾನೇ. ಆ ಸಿಮೆಂಟಿನ ತೇವವೇ ಕಲ್ಲಿಗೆ ಇಳಿದಿರಬಹುದು. ಸೋಮವಾರ ಎಲ್ಲರೆದುರು ಹೇಳಿಬಿಟ್ಟೆ. ಮೂರು ದಿನ ಮೇಷ್ಟ್ರು ಮುಖ ಕೊಟ್ಟು ಮಾತಾಡಲಿಲ್ಲ.

ಇವತ್ತು ಸಿಮೆಂಟನ್ನು ಚೆನ್ನಾಗಿ ಒಣಗಿಸಿ, ಹೊಸ ಚೂರಿಟ್ಟು ಅಳೆದೆ. ಅಂಕಿ ದಡಕ್ಕನೆ ಇಳಿಯಿತು. ನೀರೂ ಇಲ್ಲ, ಲೇಖನವೂ ಇಲ್ಲ. ಮೇಷ್ಟ್ರು ಲೇಖನದ ಹಾಳೆಗಳನ್ನು ಪಕ್ಕಕ್ಕಿಟ್ಟು, "ಇನ್ಮೇಲೆ ನೀನು ಅಳೆದಿದ್ದನ್ನ ಕಣ್ಮುಚ್ಚಿ ನಂಬ್ತೀನಮ್ಮ" ಎಂದರು.

ಮನೆಗೆ ಬಂದಾಗ ಅಮ್ಮ ಕೇಳಿದಳು, "ಏನೇ, ಏನಾದ್ರೂ ಸಿಕ್ತಾ?"

"ಏನೂ ಸಿಗಲಿಲ್ಲಮ್ಮ."

"ಮತ್ತೆ ಮುಖ ಯಾಕೆ ಹೀಗೆ ಅರಳಿದೆ?"

ನಗುತ್ತಾ ಕೋಣೆಗೆ ಬಂದು ಇದನ್ನು ಬರೆಯಲು ಕೂತೆ. ಕಣ್ಣು ಎಳೆಯುತ್ತಿದೆ. ಅಂಕಿಯನ್ನು ಇನ್ನೊಮ್ಮೆ ಬರೆದು ಮಲಗುತ್ತೇನೆ. ಸೊನ್ನೆ, ಚುಕ್ಕೆ, ಸೊನ್ನೆ, ಸೊನ್ನೆ, ಆರು. ಎಷ್ಟು ಸಣ್ಣದು! ಆದರೆ ಅಷ್ಟೂ ಕಲ್ಲಿನದೇ.