ಫಕೀರವ್ವ ಸಾಕೆಂದದ್ದು

ಕ್ರಿ.ಶ. ೨೨೮೭, ನಮ್ಮ ಈಗಿನ ಪಂಚಾಂಗದ ಹದಿಮೂರನೆಯ ತಿಂಗಳ ನಲವತ್ತನೆಯ ದಿನ

ನೂರಾರು ವರ್ಷಗಳ ಹಿಂದಿರುವ ಹಿರಿಯರೇ,

ನಮ್ಮ ನೆಲೆಯಿಂದ ನಿಮಗೆ ಕಳುಹಿಸಿದ ಹಿಂದಿನ ಪತ್ರದಲ್ಲಿ ದಾಖಲೆಗಾರ ಚನ್ನವೀರಯ್ಯನವರು, ಫಕೀರವ್ವನೆಂಬ ಹೊಟ್ಟೆಬಾಕಿ ಶಾಲೆಯ ಊಟವನ್ನೆಲ್ಲ ಕದ್ದು ತಿಂದಳೆಂದು ಬರೆದಿದ್ದಾರೆ. ಅದು ಸುಳ್ಳು. ಅವರು ಅಂದು ಅಲ್ಲಿರಲಿಲ್ಲ, ನಾನಿದ್ದೆ. ಮೂವತ್ತೆಂಟು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ತಪ್ಪಾಗಿ ಬಳಸಿದ್ದೇನೆಂದು ಮಾತ್ರ ಭಾವಿಸಬೇಡಿ.

ನಮ್ಮಲ್ಲಿರುವುದು ಅಳತೆಯೂಟ, ಎಂದರೆ ತಲೆಗೆ ದಿನಕ್ಕೆರಡು ಸೌಟು ಅಂಬಲಿ. ಮೂರನೆಯ ಸೌಟನ್ನು ಕಂಡವರಿಲ್ಲ. ಆದ್ದರಿಂದ ಪದಪಾಠದಲ್ಲಿ ಕೊರತೆ, ಅಭಾವ, ಅರೆಹೊಟ್ಟೆ ಎಂಬ ಪದಗಳನ್ನು ನಾನು ವಿವರಿಸುವ ಮೊದಲೇ ಮಕ್ಕಳು ಬಲ್ಲರು. ಸಮೃದ್ಧಿ, ಯಥೇಚ್ಛ, ಪರಿಪೂರ್ಣ ಎಂಬವುಗಳನ್ನು ಬಾಯಿಪಾಠ ಮಾಡಿದರು. 'ಸಾಕು' ಎಂಬಲ್ಲಿ ಎಲ್ಲರೂ ತಡವರಿಸಿದರು. ಊಟದಲ್ಲಿ ಅದನ್ನು ಹೇಳುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ. ನೀವು ಪಂಕ್ತಿಯಲ್ಲಿ ಕುಳಿತು, ಬಡಿಸುವವರು ಬಗ್ಗಿದಾಗ ಎಲೆಗೆ ಕೈ ಅಡ್ಡ ಹಿಡಿದು ಸಾಕೆನ್ನುತ್ತಿದ್ದಿರಂತೆ. ಅದನ್ನು ಮಾಡಿಸಿಯೇ ಕಲಿಸಬೇಕೆಂದು ನಿರ್ಧರಿಸಿದೆ.

ಬಾಳೆ ಈಗಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಎಲೆ ಬರೆದು, ಅದರ ಮೇಲೆ ತಟ್ಟೆಯಿಟ್ಟು, ಹತ್ತು ವರ್ಷದ ಫಕೀರವ್ವನನ್ನು ಕೂರಿಸಿದೆ. ಏಳು ಮಕ್ಕಳ ಆ ದಿನದ ಅಂಬಲಿಯೆಲ್ಲ ನನ್ನ ಪಾತ್ರೆಯಲ್ಲಿತ್ತು. ಹೊಟ್ಟೆ ತುಂಬಿದಾಗ ಆ ಪದ ಹೇಳಬೇಕು, ಉಳಿದದ್ದನ್ನು ಎಲ್ಲರಿಗೂ ಹಂಚುತ್ತೇನೆ ಎಂದೆ. ಮೂರನೆಯ ಸೌಟಿಗೆ ಮಕ್ಕಳು ನಕ್ಕರು. 'ಇನ್ನಷ್ಟು ಹಾಕ್ರಿ ಅಕ್ಕೋರ, ಆಕಿ ಹೊಟ್ಟಿಗೆ ತಳಾನ ಇಲ್ಲ' ಎಂದು ಅಡಿವೆಪ್ಪ ಛೇಡಿಸಿದ. ನಾಲ್ಕನೆಯದಕ್ಕೆ ಯಾರೂ ನಗಲಿಲ್ಲ. ಫಕೀರವ್ವ ಪಾತ್ರೆಯನ್ನೊಮ್ಮೆ, ಗೆಳೆಯರನ್ನೊಮ್ಮೆ ನೋಡಿ ಕೈ ಅಡ್ಡ ಹಿಡಿದಳು.

'ಸಾಕ್ರೀ ಅಕ್ಕೋರ.'

ಹೊಟ್ಟೆ ತುಂಬಿತೇ ಎಂದು ಕೇಳಿದೆ. ಸುಳ್ಳು ಹೇಳಲಾರದೆ ಇಲ್ಲವೆಂದು ತಲೆಯಾಡಿಸಿದಳು. ಹಾಗಾದರೆ ಅದು ತಪ್ಪು ಪ್ರಯೋಗವೆಂದು ಎಲ್ಲರೆದುರು ತಿದ್ದಿ, ಅವಳ ಕೈ ಸರಿಸಿ, ಮತ್ತೆ ಬಡಿಸಿದೆ. ನನ್ನ ಮಾತು ಮೀರುವ ಹುಡುಗಿಯಲ್ಲ, ಅಳುತ್ತ ಉಂಡಳು. ಆ ಪದವನ್ನು ಮತ್ತೆ ಹೇಳಲೇ ಇಲ್ಲ. ಹೇಳಲೆಂದು ಕಾಯುತ್ತ ನಾನು ಪಾತ್ರೆ ಬರಿದು ಮಾಡಿದೆ.

ಅಳತೆಯೂಟದ ತಪಾಸಣೆಗೆ ಬಂದವರು ಯಾರು ತಿಂದರೆಂದು ಕೇಳಿದರು. ಹಸಿದ ಮಕ್ಕಳು ಅವಳತ್ತ ಬೆರಳು ತೋರಿಸಿದರು. ಯಾರು ಬಡಿಸಿದರೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವಳನ್ನು ಕಡಲಂಚಿನ ಉಪ್ಪಿನ ಗದ್ದೆಯ ದುಡಿಮೆಗೆ ಕಳುಹಿಸಿದರು. ಎರಡನೆಯ ವರ್ಷ ಅಲ್ಲಿಯೇ ತೀರಿಕೊಂಡಳು. ನನಗೆ ಆ ವರ್ಷ ಉತ್ತಮ ಶಿಕ್ಷಕಿ ಪದಕ ಬಂತು.

ನಿಮ್ಮ ಎಲೆಗಳಲ್ಲಿ ಉಳಿದು ತಿಪ್ಪೆ ಸೇರಿದ ಅನ್ನದ ಬಗ್ಗೆ ಓದಿದ್ದೇನೆ. 'ಸಾಕು' ಎಂಬ ಪದದ ಅರ್ಥ ನಿಮಗೂ ಗೊತ್ತಿರಲಿಲ್ಲ. ನನಗಂತೂ, ಕಲಿಸುವವಳಾಗಿದ್ದೂ, ಗೊತ್ತಿರಲಿಲ್ಲ. ಫಕೀರವ್ವನ ಪ್ರಯೋಗ ಸರಿಯಾಗಿತ್ತು. ನಿಮ್ಮಲ್ಲಿರುವ ಪ್ರತಿಯಲ್ಲಿ ಹೊಟ್ಟೆಬಾಕಿ ಎಂಬುದನ್ನು ದಯವಿಟ್ಟು ಹೊಡೆದುಹಾಕಿ, ಈ ಪಟ್ಟಿಯನ್ನು ಸೇರಿಸಿ.

ಅಂದು ಆ ಕೋಣೆಯಲ್ಲಿದ್ದವರು: ಅಡಿವೆಪ್ಪ, ದ್ಯಾಮವ್ವ, ಹುಸೇನಸಾಬ, ಸಂಗನಬಸವ, ತಿಪ್ಪವ್ವ, ಮಾಬೂಬಿ, ಉಂಡವಳು ಫಕೀರವ್ವ, ಬಡಿಸಿದವಳು ರುಕ್ಮಾಬಾಯಿ.